ಒಂದು ಸೈಜು ದೊಡ್ಡದು

ಆ ಬೀದಿಯಲ್ಲಿ ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ, ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿಯುವ ಮಾಸ್ತರು. ಅಂಗಡಿಯ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು. ಬಿಸಿಲಿಗೆ ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು. ಮತ್ತೆ ಬರೆಸುವ ಗೋಜಿಗೆ ಅವರು ಹೋಗಿರಲಿಲ್ಲ. ಜನ ಅವರನ್ನು ಕರೆಯುತ್ತಿದ್ದದ್ದು ‘ಎರಡ್ವರ್ಷದ ಮಾಸ್ತರು’ ಎಂದು. ಅವರ ಕೈಯಲ್ಲಿ ಹೊಲಿಸಿದ ಯೂನಿಫಾರಂ ಎರಡು ವರ್ಷಕ್ಕೆ ಮೋಸವಿಲ್ಲ. ಮೊದಲನೆಯ ವರ್ಷ ಮಗು ಅದರೊಳಗೆ ಎಲ್ಲಿದೆ ಎಂದು ಹುಡುಕಬೇಕು. ಎರಡನೆಯ ವರ್ಷ ಮೈಗೆ ಸರಿಯಾಗಿ ಕೂರುತ್ತದೆ, ಆದರೆ ಅಷ್ಟರಲ್ಲಿ ಬಟ್ಟೆ ಸವೆದಿರುತ್ತದೆ. ತಾಯಂದಿರಿಗೆ ಇದರಿಂದ ಬಹಳ ಸಮಾಧಾನ. ಮಕ್ಕಳನ್ನು ಯಾರೂ ಕೇಳಿದ್ದಿಲ್ಲ.

ಅವರು ಅಳತೆ ತೆಗೆಯುವುದನ್ನು ನೋಡಬೇಕು. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕುತ್ತಿಗೆಗೆ ಹಾಕಿಕೊಂಡ ಟೇಪನ್ನು ಸರ್ರನೆ ಎಳೆದು ಎದೆಗೆ ಸುತ್ತಿ, “ಉಸಿರು ಎಳ್ಕೋ, ಎದೆ ಉಬ್ಸು, ಇನ್ನೂ ಉಬ್ಸು” ಎನ್ನುವರು. ಮಗು ಕೆನ್ನೆ ಕೆಂಪಾಗುವಷ್ಟು ಉಸಿರು ತುಂಬಿಕೊಂಡು ನಿಂತಾಗ ಬಂದ ಅಳತೆಯನ್ನು ಹಿಡಿದು, ಅದಕ್ಕೆ ಒಂದಷ್ಟು ಸೇರಿಸಿ, ಕತ್ತರಿಸುವಾಗ ಚಾಕ್‌ಪೀಸಿನ ಗೆರೆಯ ಹೊರಗೆ ಮತ್ತೊಂದು ಬೆರಳು ಬಿಟ್ಟು, ಕೊನೆಗೆ ಅಂಚಿನಲ್ಲಿ ದಪ್ಪನೆಯ ಮಡಿಕೆಯೊಂದನ್ನು ಒಳಗೆ ಸೇರಿಸುವರು. “ಬೆಳೆದಾಗ ಬಿಚ್ಚಿ ಬಿಡೋದಕ್ಕೆ ಒಳಗೆ ಬಟ್ಟೆ ಇರ್ಬೇಕು ನೋಡಿ. ಇಲ್ದೇ ಇದ್ರೆ ಎಲ್ಲಿಂದ ತರೋಣ?” ಎಂಬುದು ಅವರ ಮಾತು. ಅದಕ್ಕೆ ಎದುರಾಡಿದ ತಾಯಿಯನ್ನು ಆ ಅಂಗಡಿ ಕಂಡಿರಲಿಲ್ಲ.

ಇದಕ್ಕೆ ಕಾರಣವಿತ್ತು, ಆ ಕಾರಣ ನಗುವಂಥದ್ದಲ್ಲ. ಮಾಸ್ತರು ಹುಡುಗನಾಗಿದ್ದಾಗ ಒಂದೇ ಸಮನೆ ಉದ್ದಕ್ಕೆ ಬೆಳೆದರು, ಆದರೆ ಬಟ್ಟೆ ಬೆಳೆಯಲಿಲ್ಲ. ಪ್ಯಾಂಟು ಮೊಣಕಾಲಿನ ಕಡೆಗೆ ಹತ್ತುತ್ತಾ ಹೋಯಿತು, ತೋಳು ಮಣಿಕಟ್ಟು ಬಿಟ್ಟು ಹಿಂದೆ ಸರಿಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯಲು ಕರೆದರೆ, ಕೈ ಎತ್ತಿದಾಗ ಅಂಗಿ ಮೇಲೇರಿ ಹೊಟ್ಟೆ ಕಾಣುತ್ತಿತ್ತು. ಹಿಂದಿನಿಂದ ಎಲ್ಲರೂ ನಗುತ್ತಿದ್ದರು. ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಎಂದು ಕೂತುಬಿಡುವುದನ್ನು ಆ ಹುಡುಗ ಕಲಿತ. ಹೊಲಿಗೆ ಕಲಿತ ದಿನವೇ ಅವರು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದ್ದರು: ನನ್ನ ಕೈಯಿಂದ ಹೋದ ಬಟ್ಟೆ ಯಾರಿಗೂ ಸಾಲದೆ ಬರಬಾರದು.

ಹೆಂಡತಿಯನ್ನು ಬೀದಿಯವರು ‘ಕಾಜಾ ಅಕ್ಕ’ ಎನ್ನುತ್ತಿದ್ದರು. ಗುಂಡಿ ತೂರುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಎಲ್ಲ ಆಕೆಯ ಪಾಲಿಗೆ. ಆಕೆಯ ಹೊಲಿಗೆ ಎಡಕ್ಕೆ ಒಂಚೂರು ವಾಲಿಕೊಂಡು, ಒತ್ತೊತ್ತಾಗಿ ಬೀಳುತ್ತಿತ್ತು. ಅಂಗಿಗಳ ರಾಶಿಯಲ್ಲಿ ಬೇರೆಯವರ ಕೈ ಹೊಲಿದದ್ದು ಒಂದಿದ್ದರೂ ಮಾಸ್ತರು ಕಣ್ಣು ಮುಚ್ಚಿ ಬೆರಳಾಡಿಸಿ ಎತ್ತಿಡುತ್ತಿದ್ದರು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಅವರು ಮಿಷನ್ ತುಳಿಯುತ್ತಾ ಈಕೆ ಸೂಜಿ ಆಡಿಸುತ್ತಾ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ದಿನ ಕಳೆದಿದ್ದರು. ಬೇರೆ ಬೇರೆ ಊಟ ಮಾಡಿದ ದಿನ ಇಬ್ಬರಿಗೂ ನೆನಪಿರಲಿಲ್ಲ.

ಆ ಕೋಣೆಯೇ ಆಕೆಯ ಎದೆಗೆ ಮುಳುವಾಯಿತು. ವರ್ಷಗಟ್ಟಲೆ ನೂಲಿನ ಧೂಳು ಸೇರಿ ಎದೆ ಬಡವಾಯಿತು. ಬೇಸಿಗೆಯ ಸೆಖೆ ಬಂತೆಂದರೆ ಮಾತಿನ ನಡುವೆ ನಿಂತು ಉಸಿರು ಹುಡುಕಬೇಕು. ಬೈಯುವುದಕ್ಕೂ ಕಂತು ಬೇಕಾಯಿತು. ಮಾಸ್ತರು ಮೊದಮೊದಲು ತಮಾಷೆ ಮಾಡಿದರು, ಆಮೇಲೆ ತಮಾಷೆ ನಿಂತಿತು.

ಡಾಕ್ಟರಮ್ಮ ಖಡಕ್ಕು ಮಾತಿನವರು. “ಮಲಗೋ ಕೋಣೆ ತಂಪಾಗಿರ್ಬೇಕು, ಒಣಗಿರ್ಬೇಕು. ಎರಡೂ ಬೇಕು. ಒಂದು ಎಸಿ ಹಾಕ್ಸಿ, ಈ ಬೇಸಿಗೆ ನೋಡೋಣ. ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಇವ್ರನ್ನ ಮಗಳ ಊರಿಗೆ ಕಳಿಸಿಬಿಡಿ. ಅಲ್ಲಿ ಹವೆ ಒಣ. ಅಲ್ಲೇ ಇದ್ದುಬಿಡೋದು ಒಳ್ಳೇದು” ಎಂದರು.

ಮಗಳು ರೈಲಿನಲ್ಲಿ ಒಂದು ಹಗಲು ದೂರದ ಊರಿನಲ್ಲಿ, ಹಲ್ಲಿನ ಡಾಕ್ಟರರ ಬಳಿ ಕೆಲಸಕ್ಕಿದ್ದಳು. ಅಮ್ಮನನ್ನು ಕರೆಸಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು. ಆದರೆ ಮಾಸ್ತರು ಹೋಗುವುದು ಹೇಗೆ? ಅವರ ಶಾಲೆಗಳು ಇಲ್ಲಿ, ಮಿಷನ್ ಇಲ್ಲಿ. ಹೊಸ ಊರಿನಲ್ಲಿ ಈ ವಯಸ್ಸಿಗೆ ಅವರ ಮಡಿಕೆಯನ್ನು ನಂಬುವ ತಾಯಂದಿರು ಎಲ್ಲಿ ಸಿಗಬೇಕು? ‘ಅಲ್ಲೇ ಇದ್ದುಬಿಡೋದು’ ಎಂಬ ಮಾತು ಕೇಳಿದಾಗಲೇ ಅವರು ಹೆದರಿದ್ದರು. ಆ ಹೆದರಿಕೆಯಲ್ಲಿ ಡಾಕ್ಟರಮ್ಮ ಹೇಳಿದ ಎರಡು ಮಾತಿನಲ್ಲಿ ‘ತಂಪು’ ಎಂಬುದೊಂದನ್ನೇ ಅವರು ಮನೆಗೆ ತಂದರು. ‘ಒಣ’ ಎಂಬುದು ಆಸ್ಪತ್ರೆಯ ಮೆಟ್ಟಿಲ ಮೇಲೇ ಉಳಿಯಿತು.

ಅಂಗಡಿಯ ಹಿಂದಿನ ಕೋಣೆಯೇ ಮಲಗುವ ಕೋಣೆ. ಮೇಲೆ ಬಯಲು ತಾರಸಿ, ಮಧ್ಯಾಹ್ನವಾದ ಮೇಲೆ ಪಶ್ಚಿಮದ ಗೋಡೆಯ ಮೇಲೆ ನೇರ ಬಿಸಿಲು. ಮಾಸ್ತರು ತಮ್ಮ ಟೇಪನ್ನೇ ತೆಗೆದುಕೊಂಡು ಕೋಣೆಯ ಅಳತೆ ತೆಗೆದರು. ಒಂದು ಕಡೆ ಹತ್ತು ಅಡಿ, ಇನ್ನೊಂದು ಕಡೆ ಹನ್ನೊಂದು. ಹೊಲಿಯುವ ಕೈ, ಸುಮ್ಮನಿರುತ್ತದೆಯೇ? ಎಸಿ ಅಂಗಡಿಗೆ ಹೋಗುವಷ್ಟರಲ್ಲಿ ಅದು ಹದಿಮೂರು, ಹದಿನಾಲ್ಕು ಆಗಿತ್ತು.

“ಎಷ್ಟು ಜನ ಮಲಗ್ತೀರಿ ಸಾರ್?” ಎಂದು ಅಂಗಡಿಯವನು ಕೇಳಿದ.

“ಇಬ್ರು” ಎನ್ನಹೊರಟವರು, “ನಾಲ್ಕು ಜನ ಅಂದ್ಕೊಳ್ಳಿ. ಮಗಳು ಬರ್ತಾಳೆ, ಅಳಿಯ ಬರ್ತಾರೆ” ಎಂದರು.

ಅಂಗಡಿಯವನು ಲೆಕ್ಕ ಹಾಕಿ, ಮೇಲೆ ತಾರಸಿಯ ಕಾವಿದೆ, ಪಶ್ಚಿಮದ ಗೋಡೆ ಇದೆ ಎಂದು ತಾನೂ ಒಂದಿಷ್ಟು ಸೇರಿಸಿ, ಒಂದೂವರೆ ಟನ್ನಿನದು ಸಾಕು ಎಂದ. ಪಾಪ, ಅವನ ತಪ್ಪೇನೂ ಇಲ್ಲ. ಅವನಿಗೆ ಹೇಳಿದ ಕೋಣೆಗೆ ಅದು ಸರಿಯಾಗಿಯೇ ಇತ್ತು. ಆ ಕೋಣೆ ಇದ್ದದ್ದು ಮಾಸ್ತರ ತಲೆಯಲ್ಲಿ ಮಾತ್ರ.

“ಅದಕ್ಕಿಂತ ಒಂದು ಸೈಜು ದೊಡ್ಡದು ಕೊಡಿ” ಎಂದರು ಮಾಸ್ತರು.

ಹೀಗೆ ಎರಡು ಟನ್ನಿನ ಯಂತ್ರವೊಂದು ಆ ಪುಟ್ಟ ಕೋಣೆಗೆ ಬಂತು. ಕೂರಿಸಲು ಬಂದ ಮೆಕ್ಯಾನಿಕ್ ದಪ್ಪ ಮೈಯ, ನಗುಮುಖದ ಮನುಷ್ಯ. ಚಿಕ್ಕಂದಿನಲ್ಲಿ ಮಾಸ್ತರ ಯೂನಿಫಾರಂ ತೊಟ್ಟು ಶಾಲೆಗೆ ಹೋದವನು. ಬಾಗಿಲಲ್ಲೇ ನಿಂತು ಕೋಣೆಯನ್ನೊಮ್ಮೆ, ಡಬ್ಬವನ್ನೊಮ್ಮೆ ನೋಡಿ, “ಮಾಸ್ತ್ರೇ, ಇದು ಈ ರೂಮಿಗಾ? ಜಾಸ್ತಿ ಆಗೋಲ್ವಾ?” ಎಂದ.

“ಜಾಸ್ತಿ ಆದ್ರೆ ಯಾರಿಗಾದ್ರೂ ನೋವಾಗುತ್ತಾ? ನೀನು ಮೊಳೆ ಹೊಡಿ” ಎಂದರು ಮಾಸ್ತರು.

ಮೊದಲ ಮಧ್ಯಾಹ್ನ ಯಂತ್ರ ಗುಡುಗಿತು. ಗಾಳಿ ರಭಸದಿಂದ ಬಂದು ಪರದೆ ಅಲ್ಲಾಡಿತು, ಚಹಾ ಆರಿಹೋಯಿತು, ಕಾಜಾ ಅಕ್ಕ ಶಾಲು ಹುಡುಕಿದರು. ಮಾಸ್ತರು ಗೆದ್ದವರ ಹಾಗೆ ನಿಂತು, “ಹೆಂಗಿದೆ?” ಎಂದರು.

“ತಂಪಾಗಿದೆ” ಎಂದರು ಆಕೆ. ಸುಳ್ಳಲ್ಲ.

ಅಷ್ಟರಲ್ಲಿ ಯಂತ್ರದ ಗುಡುಗು ನಿಂತಿತು. ಕೋಣೆ ಬೇಗ ತಣ್ಣಗಾಗಿತ್ತಲ್ಲ, ಅದಕ್ಕೆ ಇನ್ನೇನು ಕೆಲಸ? ಸ್ವಲ್ಪ ಹೊತ್ತಿಗೆ ಗೋಡೆಯ ಕಾವು ಮತ್ತೆ ಏರಿತು, ಯಂತ್ರ ಮತ್ತೆ ಗುಡುಗಿತು, ಮತ್ತೆ ನಿಂತಿತು. ದಿನವಿಡೀ ಇದೇ ಆಟ. ನಡುವಿನ ಆ ನಿಲುಗಡೆಯಲ್ಲಿ ಕೋಣೆಯೊಳಗೆ ಒಂದು ಜಿಗುಟು ಸೇರಿಕೊಳ್ಳತೊಡಗಿತು. ತಣ್ಣಗಿದೆ, ಆದರೆ ಹಸಿ. ಹಾಸಿಗೆ ಮುಟ್ಟಿದರೆ ಸರಿಯಾಗಿ ಒಣಗದ ಬಟ್ಟೆ ಮುಟ್ಟಿದ ಹಾಗೆ. ಕಿಟಕಿಯ ಬಳಿ ಇಟ್ಟಿದ್ದ ಚಾಕ್‌ಪೀಸು ಮೆತ್ತಗಾಗಿ ಬಟ್ಟೆಯ ಮೇಲೆ ಗೆರೆ ಮೂಡಲಿಲ್ಲ. ಆಕೆಯ ಸೂಜಿಗಳ ಮೇಲೆ ತುಕ್ಕಿನ ಕೆಂಪು ಚುಕ್ಕಿಗಳು ಕಂಡವು. ಕೆಮ್ಮು ಇಳಿಯುವ ಬದಲು ಏರಿತು.

ಒಂದು ದಿನ ಕಾಜಾ ಅಕ್ಕ ಸ್ಟೂಲು ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲ ನೆರಳಿನಲ್ಲಿ ಕೂತರು. ಮರುದಿನವೂ ಅಲ್ಲೇ.

ಮಾಸ್ತರಿಗೆ ಮೈಯೆಲ್ಲಾ ಉರಿಯಿತು. ಅಳೆದು ತೂಗಿ ತಂದದ್ದು, ಇದ್ದುದರಲ್ಲಿ ದೊಡ್ಡದನ್ನೇ ತಂದದ್ದು, ಅದನ್ನು ಬಿಟ್ಟು ಬಚ್ಚಲ ಪಕ್ಕ ಕೂರುವುದೇ? “ಒಳಗೆ ಹಾಯಾಗಿ ಮಲ್ಗೋದು ಬಿಟ್ಟು ಇಲ್ಲೇನ್ ಮಾಡ್ತಿದ್ದೀಯ?” ಎಂದರು.

“ಒಳಗೆ ಒದ್ದೆ ಕಂಬಳಿ ಹೊದ್ದಂಗಾಗುತ್ತೆ ಕಣ್ರೀ. ಉಸಿರು ಬರಲ್ಲ.”

“ಎರಡು ಟನ್ನು ಅದು! ಸಾಲ್ದಾ?”

“ಸಾಲ್ದು ಅಂತ ನಾನೆಲ್ಲಿ ಅಂದೆ?” ಎಂದು ಆಕೆ ಕೆಮ್ಮಿದರು. ಮಾತು ಅಲ್ಲಿಗೇ ತುಂಡಾಯಿತು. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು, ‘ಚಹಾ ಇದೆ’, ‘ಗುಂಡಿ ಎಲ್ಲಿ’ ಎನ್ನುವಷ್ಟಕ್ಕೆ ಮಾತು ಇಟ್ಟುಕೊಂಡರು.

ಆ ವಾರವೇ ಮಗಳ ಫೋನು. “ಕಳ್ಸಿಬಿಡಪ್ಪ. ಕಿಟಕಿ ಪಕ್ಕದ ಮಂಚ ಖಾಲಿ ಮಾಡಿದ್ದೀನಿ. ನೀನು ಹಟ ಮಾಡ್ಬೇಡ.” ಮಾಸ್ತರು ‘ಹ್ಞೂಂ’ ಎಂದು ಫೋನಿಟ್ಟರು. ತಿರುಗಿ ನೋಡಿದರೆ ಹೆಂಡತಿ ಅಟ್ಟದಿಂದ ದೊಡ್ಡ ಚೀಲ ಇಳಿಸಿಕೊಂಡಿದ್ದರು. ಹೋಗಬೇಕೆಂಬ ಆಸೆಯಿಂದಲ್ಲ. ಉಸಿರು ಬೇಕಾಗಿತ್ತು, ಅಷ್ಟೆ. ಆದರೆ ಮಾಸ್ತರ ಕಣ್ಣಿಗೆ ಆ ಚೀಲ ತಮ್ಮನ್ನು ಬಿಟ್ಟುಹೋಗಲು ತವಕಿಸುತ್ತಿರುವಂತೆ ಕಂಡಿತು.

ಯಂತ್ರದಲ್ಲೇ ಏನೋ ದೋಷವಿರಬೇಕು ಎಂದು ಅವರು ಮೆಕ್ಯಾನಿಕ್‌ನನ್ನು ಕರೆಸಿದರು. “ನಿಮಿಷಕ್ಕೊಂದು ಸಲ ನಿಲ್ಲುತ್ತೆ. ಕೆಟ್ಟ ಮಾಲು ತಂದು ಕೂರ್ಸಿದ್ದೀಯ!”

ಅವನು ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದ. ಹೊರಗೆ ಹೋಗಿ ನೀರು ಹೋಗುವ ಪೈಪಿನ ಬಾಯಿಯಲ್ಲಿ ಬೆರಳಿಟ್ಟು ಬಂದ. “ಕೆಟ್ಟಿಲ್ಲ ಮಾಸ್ತ್ರೇ. ರೂಮು ಚಿಕ್ಕದು, ಇದು ಬರ್ತಿದ್ದಂಗೆ ತಣ್ಣಗ್ ಮಾಡ್ಬಿಡುತ್ತೆ, ನಿಲ್ಲುತ್ತೆ. ಎಸಿ ಬರೀ ತಣ್ಣಗ್ ಮಾಡೋದಲ್ಲ, ಗಾಳೀಲಿರೋ ನೀರನ್ನೂ ಎಳೀಬೇಕು. ಅದಕ್ಕೆ ನಿಧಾನಕ್ಕೆ ತುಂಬಾ ಹೊತ್ತು ಓಡ್ಬೇಕು. ಇದು ಓಡೋದೇ ಇಲ್ಲ, ಎಗರಿ ಕೂತ್ಕೊಳ್ಳುತ್ತೆ. ನೀರೆಲ್ಲ ರೂಮಲ್ಲೇ ಉಳ್ಕೊಳ್ಳುತ್ತೆ. ನೋಡಿ, ಪೈಪು ಒಣಗಿದೆ.”

“ಹಂಗಾದ್ರೆ ಇನ್ನೂ ದೊಡ್ಡದು ಹಾಕ್ಸೋಣ.”

ಮೆಕ್ಯಾನಿಕ್‌ಗೆ ನಗು ತಡೆಯಲಾಗಲಿಲ್ಲ. “ಬೇಜಾರ್ ಮಾಡ್ಕೋಬೇಡಿ. ಮೂರನೇ ಕ್ಲಾಸಲ್ಲಿ ನೀವು ಹೊಲಿದ ಪ್ಯಾಂಟು ಹಾಕ್ಕೊಂಡು ಓಟದ ಪಂದ್ಯಕ್ಕೆ ನಿಂತೆ. ಸೀಟಿ ಊದಿದ್ರು, ನಾನು ಮುಂದಕ್ಕೆ ಓಡಿದೆ, ಪ್ಯಾಂಟು ಅಲ್ಲೇ ನಿಂತ್ಕೊಳ್ತು. ಬಟ್ಟೆ ದೊಡ್ಡದಾಗಿತ್ತು, ಕಾಲು ಚಿಕ್ಕದಾಗಿತ್ತು. ಇಲ್ಲೂ ಅದೇ ಕತೆ.”

ಮಾಸ್ತರು ನಗಲಿಲ್ಲ. “ಆ ಪ್ಯಾಂಟನ್ನ ಐದನೇ ಕ್ಲಾಸ್‌ವರೆಗೂ ಹಾಕ್ಕೊಂಡಿದ್ದೆ ನೀನು! ನಿಮ್ಮಮ್ಮ ಬಂದು ಸಂತೋಷ ಪಟ್ಟು ಹೋದ್ಲು. ಹೋಗು, ಹೋಗು” ಎಂದು ಅವನನ್ನು ಬಾಗಿಲವರೆಗೆ ಅಟ್ಟಿದರು. ಅವನು ಬೇಸರಿಸದೆ, ಬೇಕಾದಾಗ ಕರೆಯಿರಿ ಎಂದು ಹೇಳಿ ಹೋದ. ಮಾಸ್ತರು ಮಿಷನ್ನಿನ ಮುಂದೆ ಕೂತರು. ಸಾಲದೆ ಬಂದ ಕಷ್ಟ ಅವರಿಗೆ ಗೊತ್ತಿತ್ತು. ಹೆಚ್ಚಾಗಿಯೂ ಕಷ್ಟ ಬರುತ್ತದೆ ಎಂದರೆ ನಂಬುವುದು ಹೇಗೆ?

ಮರುದಿನ ಬೆಳಿಗ್ಗೆ ಕಾಜಾ ಅಕ್ಕ ಬೀರುವಿನಿಂದ ಬಟ್ಟೆ ತೆಗೆದು ಚೀಲಕ್ಕಿಡುತ್ತಿದ್ದರು. ಆಕೆ ಮನೆಯಲ್ಲಿ ತೊಡುವುದು ಮಾಸ್ತರೇ ಹೊಲಿದ ಹತ್ತಿಯ ಗೌನುಗಳು. ಒಂದನ್ನು ಕೊಡವಿದಾಗ ಮುಗ್ಗಲು ವಾಸನೆ ಕೋಣೆಗೆಲ್ಲ ಹರಡಿತು. ಆಕೆ ಮೂಗು ಮುಚ್ಚಿಕೊಂಡು ಕೆಮ್ಮುತ್ತಾ ಕೂತುಬಿಟ್ಟರು. ಮಾಸ್ತರು ಎದ್ದು ಬಂದು, “ಇತ್ತ ತಾ, ಬಿಸಿಲಿಗೆ ಹಾಕ್ತೀನಿ” ಎಂದು ಎಲ್ಲವನ್ನೂ ತೋಳ ಮೇಲೆ ಹೊತ್ತು ಹಿತ್ತಲಿಗೆ ಹೋದರು. ಜಗಳವಿದ್ದರೂ ಬಟ್ಟೆಗೆ ಬೂಷ್ಟು ಹಿಡಿಯುವುದನ್ನು ನೋಡಿಕೊಂಡಿರುವ ಜಾತಿಯಲ್ಲ ಅವರದು.

ಬಣ್ಣ ಮಾಸಬಾರದೆಂದು ಗೌನುಗಳನ್ನು ಒಳಮಗ್ಗುಲು ಹೊರಗೆ ಮಾಡಿ ಹಗ್ಗಕ್ಕೆ ಹಾಕತೊಡಗಿದರು. ಮೊದಲನೆಯದರಲ್ಲೇ ಅವರ ಕೈ ನಿಂತಿತು. ಪಕ್ಕೆಯಲ್ಲಿ ತಾವು ಮಿಷನ್ನಿನಲ್ಲಿ ಹಾಕಿದ ಹೊಲಿಗೆಯಿತ್ತು. ಅದರ ಒಳಗೆ ಮೂರು ಬೆರಳಿನಷ್ಟು ಬಟ್ಟೆಯನ್ನು ಹಿಡಿದು ಇನ್ನೊಂದು ಹೊಲಿಗೆ. ಕೈಹೊಲಿಗೆ, ಎಡಕ್ಕೆ ಒಂಚೂರು ವಾಲಿದ್ದು, ಒತ್ತೊತ್ತಾದದ್ದು. ಎರಡನೆಯ ಗೌನು ನೋಡಿದರು, ಅದರಲ್ಲೂ ಇತ್ತು. ಭುಜದಲ್ಲಿ ಹಿಡಿದಿದ್ದರು, ತೋಳಿನಲ್ಲಿ ಹಿಡಿದಿದ್ದರು, ಕೆಳಗೆ ಉದ್ದ ಮಡಿಚಿ ಹೊಲಿದಿದ್ದರು. ಚೀಲದ ತಳಕ್ಕೆಂದು ತೆಗೆದಿಟ್ಟಿದ್ದ ತೀರಾ ಹಳೆಯ ಗೌನೊಂದಿತ್ತು, ಮಗಳು ಹುಟ್ಟುವ ಮೊದಲು ಹೊಲಿದದ್ದು, ಅದರಲ್ಲೂ ಹಾಗೆಯೇ. ಹೊರಗಿನಿಂದ ನೋಡಿದರೆ ಏನೇನೂ ತಿಳಿಯುತ್ತಿರಲಿಲ್ಲ.

ಮಾಸ್ತರು ಹಗ್ಗ ಹಿಡಿದುಕೊಂಡು ನಿಂತರು. ಒಂದು ವಿಷಯ ಆಗಲೇ ಹೊಳೆದದ್ದು: ಊರಿನ ಮಕ್ಕಳಿಗೆಲ್ಲ ಟೇಪು ಸುತ್ತಿದ ಅವರು ಹೆಂಡತಿಯ ಅಳತೆಯನ್ನು ಒಮ್ಮೆಯೂ ತೆಗೆದಿರಲಿಲ್ಲ. ಮದುವೆಯ ಹೊಸತರಲ್ಲಿ ಕಣ್ಣಂದಾಜಿನಲ್ಲಿ ಕತ್ತರಿಸಿದ್ದು, ಅದಕ್ಕೆ ವರ್ಷ ವರ್ಷವೂ ಒಂದಿಷ್ಟು ಸೇರಿಸುತ್ತಾ ಬಂದದ್ದು. ಆಕೆ ವರ್ಷ ವರ್ಷವೂ ಕರಗುತ್ತಿದ್ದದ್ದನ್ನು ನೋಡಿರಲೇ ಇಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಗೌನು ಹಿಡಿದುಕೊಂಡೇ ಒಳಗೆ ಬಂದರು. “ಇದೇನಿದು?”

ಕಾಜಾ ಅಕ್ಕ ನೋಡಿ, ಸಿಕ್ಕಿಬಿದ್ದವರಂತೆ ಸಣ್ಣಗೆ ನಕ್ಕರು. “ಹಿಡ್ದಿದ್ದೀನಿ. ಇನ್ನೇನು?”

“ಎಲ್ಲಾದ್ರಲ್ಲೂ?”

“ಎಲ್ಲಾದ್ರಲ್ಲೂ.”

“ಒಂದ್ ಮಾತು ಹೇಳ್ಬಾರ್ದಿತ್ತಾ? ಇಷ್ಟು ವರ್ಷ…”

“ಏನಂತ ಹೇಳ್ಲಿ? ನೀವು ಆಸೆಯಿಂದ ಹೊಲ್ಕೊಂಡು ಬಂದು ‘ಹೆಂಗಿದೆ’ ಅಂತ ನಿಂತ್ಕೋತಿದ್ರಿ. ದೊಡ್ಡದಾಯ್ತು ಅಂದ್ರೆ ಆ ಮುಖ ನೋಡೋಕಾಗ್ತಿತ್ತಾ? ನಂಗೂ ಸೂಜಿ ಹಿಡಿಯೋಕೆ ಬರುತ್ತಲ್ಲ, ಸಂಜೆ ಕೂತ್ಕೊಂಡು ಹಿಡ್ಕೋತಿದ್ದೆ.” ಆಕೆ ಉಸಿರಿಗಾಗಿ ನಿಂತರು. ಆಮೇಲೆ ಗೋಡೆಯ ಮೇಲಿದ್ದ ಯಂತ್ರದ ಕಡೆ ನೋಡಿ, “ಅಂಗಿ ಆದ್ರೆ ನಾನೇ ಹಿಡ್ಕೋತೀನಿ. ಇದನ್ನ ಹಿಡ್ಕೊಳ್ಳೋಕೆ ನನ್ ಕೈಲಾಗಲ್ಲ ಕಣ್ರೀ” ಎಂದರು.

ಮಾಸ್ತರು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಮೆಕ್ಯಾನಿಕ್‌ನ ಅಂಗಡಿಗೆ ನಡೆದರು. ಅವನು ಯಾವುದೋ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಅವನ ಮುಂದೆ ನಿಂತು, “ಸರಿಯಾದ್ದು ಯಾವ್ದು ಅಂತ ನೀನೇ ಬಂದು ನೋಡು. ನಾನು ಬಾಯಿ ಬಿಡಲ್ಲ” ಎಂದರು. ಎರಡ್ವರ್ಷದ ಮಾಸ್ತರು ಇನ್ನೊಬ್ಬರಿಗೆ ಅಳತೆಯ ಅಧಿಕಾರ ಕೊಟ್ಟದ್ದು ಅದೇ ಮೊದಲು.

ಅವನು ಟೇಪು ತಂದ. ಒಂದು ತುದಿಯನ್ನು ಮಾಸ್ತರ ಕೈಗೆ ಕೊಟ್ಟು ಗೋಡೆಗೆ ಹಿಡಿಯಲು ಹೇಳಿದ. ಹತ್ತು, ಹನ್ನೊಂದು. ಮಾಸ್ತರ ನಾಲಿಗೆ ತುರಿಸಿತು, ಆದರೆ ಸುಮ್ಮನಿದ್ದರು. ಎತ್ತರ ನೋಡಿದ, ಕಿಟಕಿ ನೋಡಿದ, ಗೋಡೆಗೆ ಅಂಗೈ ಒತ್ತಿ ಕಾವು ನೋಡಿದ, ತಾರಸಿ ಹತ್ತಿ ಇಳಿದು ಬಂದ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವಾಗ ನಡುವಿನ ಬಾಗಿಲು ತೆರೆದಿರುತ್ತದೆಯೇ ಎಂದು ಕೇಳಿದ.

“ಎಷ್ಟು ಜನ ಮಲಗ್ತೀರಿ?”

ಮಾಸ್ತರು ಹೆಂಡತಿಯ ಮುಖ ನೋಡಿದರು. “ಇಬ್ರು. ಇವ್ಳು ಇದ್ರೆ ಇಬ್ರು” ಎಂದರು. ಅಷ್ಟು ದಿನ ಒಳಗೇ ಬೀಗ ಹಾಕಿಟ್ಟಿದ್ದ ಮಾತು ಹಾಗೆ ಹೊರಬಂತು. ಕಾಜಾ ಅಕ್ಕ ಬೇರೆ ಕಡೆ ತಿರುಗಿದರು.

“ಹಂಗಾದ್ರೆ ಒಂದು ಟನ್ನು. ತಾರಸಿ ಕಾವು, ಈ ಗೋಡೆ, ಎಲ್ಲ ಸೇರಿಸಿಯೇ ಹೇಳ್ತಿದ್ದೀನಿ. ಮೇಲೆ ಇನ್ನೇನೂ ಸೇರಿಸ್ಬೇಡಿ” ಎಂದ ಮೆಕ್ಯಾನಿಕ್. “ಕಿಟಕಿಗೆ ಒಂದು ದಪ್ಪ ಪರದೆ ಹೊಲೀರಿ. ಅದಕ್ಕೆ ಎಷ್ಟು ಬೇಕಾದ್ರೂ ಬಟ್ಟೆ ಬಿಟ್ಕೊಳ್ಳಿ, ನಾನು ಕೇಳಲ್ಲ.” ಬಾಗಿಲ ಬಳಿಯಿಂದ ಕಾಜಾ ಅಕ್ಕ ಜೋರಾಗಿ ನಕ್ಕರು. ನಗು ಕೆಮ್ಮಾಯಿತು, ಆದರೂ ಕೆಮ್ಮಿನ ನಡುವೆಯೇ ನಗುತ್ತಿದ್ದರು. ಎರಡು ಟನ್ನಿನ ಯಂತ್ರವನ್ನು ಬೇಕರಿಯ ಮೇಲಿರುವ ನೃತ್ಯ ಶಾಲೆಯವರು ಕೊಳ್ಳುತ್ತಾರೆಂದು ಅವನೇ ಗೊತ್ತು ಮಾಡಿಕೊಟ್ಟ. ಸಂಜೆಯಾದರೆ ಅಲ್ಲಿ ದೊಡ್ಡ ಕೋಣೆಯ ತುಂಬ ಜನ ಕುಣಿದು ಬೆವರುತ್ತಾರೆ; ಅದಕ್ಕೆ ಅಲ್ಲಿ ನಿಜಕ್ಕೂ ಕೆಲಸವಿತ್ತು.

ಅವನು ಹೋದ ಮೇಲೆ ಮಾಸ್ತರು ಕುತ್ತಿಗೆಯಿಂದ ತಮ್ಮ ಟೇಪು ತೆಗೆದರು. “ಬಾ ಇಲ್ಲಿ, ನಿಂತ್ಕೋ” ಎಂದರು.

“ನನ್ನನ್ನೂ ಸ್ಟೂಲಿನ ಮೇಲೆ ಹತ್ತಿಸ್ತೀರೇನು?”

“ನೆಲದ್ ಮೇಲೇ ನಿಂತ್ಕೋ ಸಾಕು.”

ಭುಜ ಅಳೆದರು, ತೋಳು ಅಳೆದರು. ಎದೆಗೆ ಟೇಪು ಸುತ್ತಿದಾಗ ಅಭ್ಯಾಸದಂತೆ ‘ಎದೆ ಉಬ್ಸು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, “ಸುಮ್ನೆ ಉಸಿರಾಡು” ಎಂದರು. ಟೇಪು ಬೆರಳುಗಳ ನಡುವೆ ಇತ್ತು. ಮಕ್ಕಳ ಎದೆಯಾದರೆ ಟೇಪನ್ನು ಎಳೆದುಕೊಂಡು ಹೋಗುತ್ತದೆ, ಹಿಡಿದಿಡಬೇಕಾಗುತ್ತದೆ. ಇಲ್ಲಿ ಅದು ಅಲ್ಲಾಡಿತೋ ಇಲ್ಲವೋ ಎನ್ನುವಷ್ಟೇ ಅಲ್ಲಾಡಿತು. ಮಾಸ್ತರಿಗೆ ನಿಜವಾಗಿ ಭಯವಾದದ್ದು ಆಗ. ಡಾಕ್ಟರಮ್ಮನ ಮಾತಿಗಿಂತ ಆ ಟೇಪು ಹೇಳಿದ್ದು ಅವರಿಗೆ ಚೆನ್ನಾಗಿ ಅರ್ಥವಾಯಿತು.

ಒಂದು ಟನ್ನಿನದು ಬಂತು. ನೋಡಲು ಸಪ್ಪೆ. ಗುಡುಗಿಲ್ಲ, ರಭಸವಿಲ್ಲ, ಪರದೆ ಅಲ್ಲಾಡುವುದಿಲ್ಲ. ಮಾಸ್ತರು ಕಿವಿ ಅದರ ಕಡೆಗೇ ಇಟ್ಟುಕೊಂಡು, ನಿಲ್ಲುತ್ತದೆಯೇ ಎಂದು ಕಾದರು. ಅದು ಒಂದೇ ಸಮನೆ ಗುನುಗುತ್ತಾ ಓಡುತ್ತಲೇ ಇತ್ತು. “ನಿಲ್ತಾನೇ ಇಲ್ವಲ್ಲ, ಸಾಲ್ತಿಲ್ಲ ಅನ್ಸುತ್ತೆ” ಎಂದು ಒದ್ದಾಡಿದರು. “ಸುಮ್ನೆ ಇರ್ತೀರಾ?” ಎಂದು ಆಕೆ ಗದರಿಸಿದರು. ಹೊರಗೆ ಪೈಪಿನ ಕೆಳಗೆ ಇಟ್ಟ ಬಕೆಟ್ಟಿನಲ್ಲಿ ತೊಟ್ಟು ತೊಟ್ಟಾಗಿ ನೀರು ಬೀಳತೊಡಗಿತು. ಮಾಸ್ತರು ಹೋಗಿ ನೋಡಿ ಬಂದರು, ಮತ್ತೆ ಹೋದರು. ಕೊನೆಗೊಮ್ಮೆ ತುಂಬಿದ ಬಕೆಟ್ಟನ್ನು ಒಳಗೆ ತಂದು ಹೆಂಡತಿಗೆ ತೋರಿಸಿದರು, ಬಾವಿ ತೋಡಿದವರಂತೆ. “ಇಷ್ಟೂ ನಿನ್ನ ರೂಮಲ್ಲಿತ್ತು!” ಎಂದರು.

ಬಿಸಿಲು ಅದೇ ಬಿಸಿಲು, ಗೋಡೆ ಅದೇ ಗೋಡೆ. ಆದರೆ ಹಾಸಿಗೆ ಗರಿಗರಿಯಾಯಿತು, ಚಾಕ್‌ಪೀಸು ಗಟ್ಟಿಯಾಯಿತು. ಒಂದು ಮಧ್ಯಾಹ್ನ ಮಾಸ್ತರು ಬಾಗಿಲು ಸರಿಸಿ ನೋಡಿದಾಗ ಕಾಜಾ ಅಕ್ಕ ಗೋಡೆಗೆ ಒರಗಿ ಕೂರುವ ಬದಲು ಚಪ್ಪಟೆಯಾಗಿ ಮಲಗಿ ನಿದ್ದೆ ಹೋಗಿದ್ದರು. ಹಾಗೆ ಮಲಗಿ ಎಷ್ಟೋ ಕಾಲವಾಗಿತ್ತು. ಮಾಸ್ತರು ಆ ಹೊತ್ತು ಮಿಷನ್ ತುಳಿಯಲಿಲ್ಲ, ಹಳೆಯ ಹೊಲಿಗೆ ಬಿಚ್ಚುವ ಕೆಲಸ ಮಾತ್ರ ಮಾಡಿದರು.

ಬೇಸಿಗೆ ಮುಗಿಯುವ ಮೊದಲು ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, “ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ ಇದು. ಆದ್ರೆ ಸದ್ಯಕ್ಕೆ ಎಲ್ಲಿಗೂ ಕಳ್ಸೋದು ಬೇಡ. ಇಲ್ಲೇ ಇರ್ಲಿ” ಎಂದರು. ಈ ಸಲ ಮಾಸ್ತರು ಪ್ರತಿಯೊಂದು ಮಾತನ್ನೂ ಮನೆಗೆ ತಂದರು, ‘ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ’ ಎಂಬುದನ್ನೂ. ಮಗಳಿಗೆ ಫೋನು ಮಾಡಿದರೆ ಅವಳು ಸ್ವಲ್ಪ ಅತ್ತಳು, ಸ್ವಲ್ಪ ಬೈದಳು, ಮಂಚ ಖಾಲಿಯೇ ಇರುತ್ತದೆ ಎಂದಳು. ಕಾಜಾ ಅಕ್ಕ ಚೀಲವನ್ನು ಬರಿದು ಮಾಡಿ ಅಟ್ಟಕ್ಕೆ ಎಸೆಯಲು ಗಂಡನ ಕೈಗೆ ಕೊಟ್ಟರು.

ಹೊಸ ಗೌನಿಗೆ ಮಾಸ್ತರು ಮತ್ತೊಮ್ಮೆ ಅಳತೆ ತೆಗೆದರು. ಹಳೆಯ ಅಳತೆ ಇದೆಯಲ್ಲ ಎಂದು ಆಕೆ ಅಂದದ್ದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಎದೆಗೆ ಸುತ್ತಿದ ಟೇಪು ಈ ಸಲ ಬೆರಳುಗಳ ನಡುವೆ ಜಾರಿತು. ಮಕ್ಕಳದಷ್ಟಲ್ಲ, ಆದರೆ ಜಾರಿತು. ಅವರು ಹಿಡಿದಿಡಲಿಲ್ಲ, ಹೋಗುವಷ್ಟು ಹೋಗಲಿ ಎಂದು ಬಿಟ್ಟರು.

“ಎಷ್ಟು ಸೇರಿಸ್ತೀರಿ?” ಎಂದು ಆಕೆ ಕೇಳಿದರು, ಕಣ್ಣಿನಲ್ಲಿ ನಗು ಇಟ್ಟುಕೊಂಡು.

“ಉಸಿರಿಗೆ ಎಷ್ಟು ಬೇಕೋ ಅಷ್ಟು.”

ಕತ್ತರಿಸುವಾಗ ಅವರ ಕತ್ತರಿ ಎರಡು ಸಲ ಗೆರೆಯಿಂದಾಚೆ ಹೋಗಲು ನೋಡಿತು. ಎರಡು ಸಲವೂ ಗೆರೆಗೆ ತಂದರು. ಹೊಲಿದು ಮುಗಿಸಿ, ಆಕೆಯ ಕೈಗೆ ಕೊಟ್ಟು, ಮುಂದಿನ ಕೋಣೆಗೆ ಹೋಗಿ ಇಸ್ತ್ರಿಯ ಮೇಜಿನ ಬಳಿ ನಿಂತರು. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಕಿವಿ ಒಳಗೆ.

ಕಾಜಾ ಅಕ್ಕ ಅಭ್ಯಾಸದಂತೆ ಮೊದಲು ಸೂಜಿಗೆ ದಾರ ಪೋಣಿಸಿ ಮಂಚದ ಮೇಲಿಟ್ಟರು. ಆಮೇಲೆ ಗೌನು ತೊಟ್ಟರು. ಪಕ್ಕೆಯಲ್ಲಿ ಎರಡು ಬೆರಳಿನಿಂದ ಹಿಡಿದು ನೋಡಿದರು, ಭುಜದಲ್ಲಿ ಹಿಡಿದು ನೋಡಿದರು. ಮಡಿಸಿ ಹೊಲಿಯುವಷ್ಟು ಬಟ್ಟೆ ಎಲ್ಲೂ ಕೈಗೆ ಸಿಗಲಿಲ್ಲ. ಉಸಿರನ್ನು ಒಳಗೆಳೆದರು. ಎಲ್ಲೂ ತಡೆಯಲಿಲ್ಲ.

“ಹೆಂಗಿದೆ?” ಎಂದು ಹೊರಗಿನಿಂದ ಕೇಳಿತು, ಆ ಹಳೆಯ ದನಿಯಲ್ಲೇ. “ಬಿಗಿಯಾಯ್ತಾ?”

“ಇಲ್ಲ.”

“ದೊಡ್ಡದಾಯ್ತಾ?”

ಆಕೆ ಮಂಚದ ಮೇಲೆ ಕೂತು, ಸೂಜಿಯಿಂದ ದಾರವನ್ನು ಎಳೆದು ತೆಗೆದು, ಮತ್ತೆ ಉಂಡೆಗೆ ಸುತ್ತಿಟ್ಟರು.